ಒಂದು ಕುಲ, ಎರಡು ಬದುಕು: ಪೊರ್ಫೈರಾದ ರಚನೆ, ಸಂತಾನೋತ್ಪತ್ತಿ ಮತ್ತು ವರ್ಗೀಕರಣ



ವಿಜ್ಞಾನದ ಯಾವುದಾದರೊಂದು ವಿಷಯವನ್ನು ಕನ್ನಡದಲ್ಲಿ ಬುಡದಿಂದ ತುದಿಯವರೆಗೆ ಬಿಡಿಸಿ ಹೇಳಬೇಕು ಎಂಬುದು ಈ ಉಪನ್ಯಾಸ ದತ್ತಿಯ ಆಶಯ. ನಾನು ಆರಿಸಿಕೊಂಡಿರುವುದು ಒಂದು ಕೆಂಪು ಕಡಲಪಾಚಿಯ ಕುಲ. ಹೆಸರು ಪೊರ್ಫೈರಾ. ಜಪಾನಿನವರು ಅನ್ನಕ್ಕೆ ಸುತ್ತಿ ತಿನ್ನುವ ನೋರಿ ಹಾಳೆ, ವೇಲ್ಸ್‌ನವರು ಗಂಟೆಗಟ್ಟಲೆ ಬೇಯಿಸಿ ಬೆಳಗಿನ ತಿಂಡಿಗೆ ಬಡಿಸುವ ಲೇವರ್, ಎರಡೂ ಇದೇ ಬಳಗದ್ದು. ನಮ್ಮ ಪಶ್ಚಿಮ ಕರಾವಳಿಯಲ್ಲೂ ಇದರ ನಂಟಿದೆ. ಮಹಾರಾಷ್ಟ್ರ, ಗೋವಾ, ಕರ್ನಾಟಕದ ಬಂಡೆಗಳ ಮೇಲೆ ಮಳೆಗಾಲದ ತಿಂಗಳುಗಳಲ್ಲಿ ಕಾಣಿಸಿಕೊಳ್ಳುವ ಪ್ರಭೇದವನ್ನು ಪೊರ್ಫೈರಾ ವಿಯೆಟ್ನಾಮೆನ್ಸಿಸ್ ಎಂದು ಗುರುತಿಸಲಾಗಿದೆ.

ಕೆಂಪು ಪಾಚಿಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಅಷ್ಟರಲ್ಲಿ ಇದೊಂದೇ ಏಕೆ? ಒಂದು ಜೀವಿಯನ್ನು ಕಣ್ಣಿಗೆ ಕಂಡ ರೂಪದಿಂದಷ್ಟೇ ಅಳೆದರೆ ಏನೇನು ತಪ್ಪಿಹೋಗುತ್ತದೆ ಎಂಬುದಕ್ಕೆ ಸಸ್ಯಶಾಸ್ತ್ರದಲ್ಲಿ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಸಿಕ್ಕಿಲ್ಲ. ಇದರ ಅರ್ಧ ಬದುಕಿಗೆ ಬೇರೆಯೇ ಹೆಸರಿಟ್ಟು, ಅದು ಬೇರೆಯೇ ಜೀವಿ ಎಂದು ಐವತ್ತಕ್ಕೂ ಹೆಚ್ಚು ವರ್ಷ ನಂಬಿದ್ದೆವು. ಆ ಗೊಂದಲ ತೀರಿದ ಮೇಲೆ, ಒಂದೇ ಕುಲ ಎಂದುಕೊಂಡದ್ದು ಹಲವು ಕುಲಗಳ ಕಲಸು ಎಂದು ತಿಳಿಯಿತು. ಜೀವಿಯ ಇಡೀ ಬದುಕನ್ನೂ ಅದರ ವಂಶವನ್ನೂ ಒಟ್ಟಿಗೆ ನೋಡದೆ ವರ್ಗೀಕರಣ ನಿಲ್ಲದು. ಇಂದು ನಾನು ಮಂಡಿಸಬೇಕಾದ ಮಾತು ಇಷ್ಟೇ. ಉಳಿದದ್ದೆಲ್ಲ ಅದಕ್ಕೆ ಪುರಾವೆ.

ರಚನೆ

ಇಳಿತದ ಹೊತ್ತಿನಲ್ಲಿ ನೋಡಿದರೆ ಪೊರ್ಫೈರಾ ಬಂಡೆಗೆ ಅಂಟಿಕೊಂಡ ಒದ್ದೆ ಪ್ಲಾಸ್ಟಿಕ್ ಚೀಲದ ಚೂರಿನಂತಿರುತ್ತದೆ. ಬಣ್ಣ ಕಂದು, ನೇರಳೆ ಅಥವಾ ಹಸಿರು ಬೆರೆತ ಕೆಂಪು. ಕಾಂಡವಿಲ್ಲ, ಎಲೆಯಿಲ್ಲ, ನಾಳಗಳಿಲ್ಲ. ಇರುವುದು ಒಂದು ಅಲಗು ಮಾತ್ರ. ಅದರ ಬುಡದ ಜೀವಕೋಶಗಳಿಂದ ಸಣ್ಣ ಎಳೆಗಳು ಇಳಿದು ಒಂದು ಬಿಲ್ಲೆಯಂಥ ಹಿಡಿಕೆಯಾಗಿ ಬಂಡೆಯನ್ನು ಕಚ್ಚಿಕೊಳ್ಳುತ್ತವೆ. ಬಹುತೇಕ ಪ್ರಭೇದಗಳಲ್ಲಿ ಅಲಗಿನ ದಪ್ಪ ಒಂದೇ ಒಂದು ಜೀವಕೋಶ. ಕೆಲವದರಲ್ಲಿ ಎರಡು. ಅಂಗೈ ಅಗಲದ ಅಲಗಾದರೂ ದಪ್ಪದಲ್ಲಿ ಅದು ಒಂದೆರಡು ಜೀವಕೋಶವನ್ನು ಮೀರುವುದಿಲ್ಲ. ಪ್ರತಿ ಕೋಶವೂ ನೇರವಾಗಿ ನೀರಿಗೆ, ಬೆಳಕಿಗೆ, ಬಿಸಿಲಿಗೆ ಒಡ್ಡಿಕೊಂಡಿರುತ್ತದೆ.

ಕೋಶದ ನಡುವೆ ನಕ್ಷತ್ರಾಕಾರದ ಕ್ಲೋರೋಪ್ಲಾಸ್ಟ್ ಇದೆ. ಅದರ ಮಧ್ಯದಲ್ಲಿ ಪೈರಿನಾಯ್ಡ್ ಎಂಬ ಪ್ರೋಟೀನಿನ ಗಟ್ಟಿ. ಹಸಿರು ಪಾಚಿಗಳಲ್ಲಿರುವ ಕ್ಲೋರೋಫಿಲ್-ಬಿ ಇಲ್ಲಿಲ್ಲ. ಆ ಜಾಗದಲ್ಲಿ ಫೈಕೋಎರಿಥ್ರಿನ್ ಎಂಬ ಕೆಂಪು ವರ್ಣಕವೂ ಫೈಕೋಸಯನಿನ್ ಎಂಬ ನೀಲಿ ವರ್ಣಕವೂ ಬೆಳಕು ಹಿಡಿಯುವ ಕೆಲಸ ಮಾಡುತ್ತವೆ. ಎರಡೂ ಪ್ರೋಟೀನುಗಳು. ನೋರಿ ಹಾಳೆಯನ್ನು ಬೆಂಕಿಯ ಮೇಲೆ ಹಿಡಿದರೆ ಹಸಿರಾಗುವುದಕ್ಕೆ ಇದೇ ಕಾರಣ: ಶಾಖಕ್ಕೆ ಕೆಂಪಿನ ಪ್ರೋಟೀನು ಕೆಡುತ್ತದೆ, ಅದರ ಹಿಂದೆ ಮರೆಯಾಗಿದ್ದ ಕ್ಲೋರೋಫಿಲ್ ಕಾಣುತ್ತದೆ. ಫೈಕೋಎರಿಥ್ರಿನ್ ಹೀರುವುದು ಹಸಿರು ಬೆಳಕನ್ನು. ನೀರಿನ ಆಳದಲ್ಲಿ ಕೆಂಪು ಬೆಳಕು ಬೇಗ ಕರಗಿ ಹಸಿರು-ನೀಲಿ ಉಳಿಯುವುದರಿಂದ, ಮಂದ ಬೆಳಕಿನ ಜಾಗದಲ್ಲೂ ಈ ಬಳಗ ಬದುಕಬಲ್ಲದು. ಈ ಅಂಶವನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

ತಯಾರಾದ ಆಹಾರವನ್ನು ಈ ಪಾಚಿ ಫ್ಲಾರಿಡಿಯನ್ ಪಿಷ್ಟವಾಗಿ, ಕ್ಲೋರೋಪ್ಲಾಸ್ಟಿನ ಒಳಗಲ್ಲ, ಹೊರಗೆ ಕೂಡಿಡುತ್ತದೆ. ಅಲಗಿನ ಕೋಶಭಿತ್ತಿಯಲ್ಲಿ ನಮಗೆ ಪರಿಚಿತವಾದ ಸೆಲ್ಯುಲೋಸ್‌ಗೆ ಬದಲು ಝೈಲಾನ್ ಮತ್ತು ಮನ್ನಾನ್ ಇವೆ. ಕೋಶಗಳ ನಡುವೆ ತುಂಬಿರುವ ಲೋಳೆಯ ಹೆಸರು ಪೊರ್ಫೈರಾನ್, ಗಂಧಕ ಸೇರಿದ ಒಂದು ಸಕ್ಕರೆಸರಪಳಿ. ಅದನ್ನು ಮುರಿಯುವ ಕಿಣ್ವ ಮನುಷ್ಯನಲ್ಲಿ ಹುಟ್ಟಿನಿಂದ ಇಲ್ಲ. 2010ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಈ ಕಿಣ್ವದ ಜೀನ್ ಜಪಾನೀಯರ ಕರುಳಿನ ಬ್ಯಾಕ್ಟೀರಿಯಾದಲ್ಲಿದೆ ಎಂದು ತೋರಿಸಿತು. ಕಡಲಪಾಚಿಯ ಮೇಲೆ ಬದುಕುವ ಸಮುದ್ರದ ಬ್ಯಾಕ್ಟೀರಿಯಾಗಳಿಂದ ಅದು ಕರುಳಿನ ಬ್ಯಾಕ್ಟೀರಿಯಾಕ್ಕೆ ದಾಟಿಬಂದಿದೆ. ಊಟದ ಅಭ್ಯಾಸವೊಂದು ಕರುಳಿನ ಸೂಕ್ಷ್ಮಜೀವಿಗಳ ವಂಶವಾಹಿಯನ್ನೇ ಬದಲಿಸಿದ ಅಪರೂಪದ ದಾಖಲೆ ಅದು.

ಒಂದೇ ಕೋಶದ ದಪ್ಪದ ಅಲಗು ಇಳಿತದಲ್ಲಿ ಗಂಟೆಗಟ್ಟಲೆ ಗಾಳಿಗೆ ಒಡ್ಡಿಕೊಂಡು ತನ್ನ ನೀರಿನ ಬಹುಪಾಲನ್ನು ಕಳೆದುಕೊಳ್ಳುತ್ತದೆ. ಒಣಗಿ ಕಪ್ಪಾಗಿ ಚಕ್ಕಳದಂತಾಗುತ್ತದೆ. ಉಬ್ಬರ ಬಂದು ತೊಯ್ದರೆ ಮತ್ತೆ ದ್ಯುತಿಸಂಶ್ಲೇಷಣೆಗೆ ಇಳಿಯುತ್ತದೆ. ಹೀಗೆ ಒಣಗಿ ಬದುಕುವ ಶಕ್ತಿ ಇರುವುದರಿಂದಲೇ ಇತರ ಪಾಚಿಗಳು ಏರಲಾರದ ಮೇಲ್ದಂಡೆಯ ಬಂಡೆ ಇದಕ್ಕೆ ದಕ್ಕಿದೆ.

ಸಂತಾನೋತ್ಪತ್ತಿ

ಕೆಂಪು ಪಾಚಿಗಳ ಯಾವ ಹಂತದಲ್ಲೂ ಕಶಾಂಗವಿಲ್ಲ. ಗಂಡು ಲಿಂಗಾಣು ಈಜಲಾರದು, ನೀರು ಒಯ್ದ ಕಡೆ ಹೋಗಬೇಕು. ಇಡೀ ಗುಂಪಿನ ಸಂತಾನೋತ್ಪತ್ತಿಯ ವಿಚಿತ್ರಗಳನ್ನು ಅರಿಯಲು ಈ ಒಂದು ಕೊರತೆಯಿಂದಲೇ ಹೊರಡಬೇಕು.

ಪೊರ್ಫೈರಾದ ಅಲಗಿನ ಅಂಚಿನಲ್ಲಿ ಕೆಲವು ಕೋಶಗಳು ಮತ್ತೆ ಮತ್ತೆ ವಿಭಜಿಸಿ ಬಣ್ಣಗೆಟ್ಟ ಪುಟ್ಟ ಪೊಟ್ಟಣಗಳಾಗುತ್ತವೆ. ಇವೇ ಗಂಡು ಭಾಗಗಳು. ಅಂಚಿನಲ್ಲಿ ಹಳದಿ-ಬಿಳಿ ಪಟ್ಟಿ ಕಂಡರೆ ಅದು ಗಂಡು ಎಂದು ಬರಿಗಣ್ಣಿಗೇ ಗೊತ್ತಾಗುತ್ತದೆ. ಹೆಣ್ಣು ಕೋಶ ಸಾಮಾನ್ಯ ಕೋಶಕ್ಕಿಂತ ಹೆಚ್ಚೇನೂ ಭಿನ್ನವಲ್ಲ. ಒಂದು ಬದಿ ಮೊಂಡಾಗಿ ಚಾಚಿಕೊಂಡಿರುತ್ತದೆ, ಅಷ್ಟೆ. ನೀರಿನಲ್ಲಿ ತೇಲಿಬಂದ ಗಂಡು ಲಿಂಗಾಣು ಆ ಚಾಚಿಗೆ ಅಂಟಿ ಒಳಗಿಳಿದು ಕೂಡುತ್ತದೆ. ಹಾಗೆ ಹುಟ್ಟಿದ ಯುಗ್ಮಜ ಅಲಗಿನಲ್ಲೇ ಉಳಿದು ವಿಭಜಿಸಿ ಬೀಜಾಣುಗಳ ಪೊಟ್ಟಣವಾಗುತ್ತದೆ. ಹಳೆಯ ಪುಸ್ತಕಗಳಲ್ಲಿ ಇವುಗಳ ಹೆಸರು ಕಾರ್ಪೊಸ್ಪೋರ್, ಈಗ ಜೈಗೋಟೊಸ್ಪೋರ್. ಪೊಟ್ಟಣ ಒಡೆದಾಗ ಅವು ನೀರಿಗೆ ಬೀಳುತ್ತವೆ.

ಆಮೇಲೆ ಏನಾಗುತ್ತದೆ? ಇಲ್ಲಿಗೆ ಬಂದು ಹತ್ತೊಂಬತ್ತನೆಯ ಶತಮಾನದ ಪಾಚಿವಿಜ್ಞಾನ ನಿಂತುಬಿಟ್ಟಿತು. ಈ ಬೀಜಾಣುಗಳನ್ನು ಗಾಜಿನ ಬಟ್ಟಲಲ್ಲಿ ಮೊಳೆಸಿದರೆ ಅಲಗು ಬರುತ್ತಿರಲಿಲ್ಲ. ಸೊರಗಿದ ಎಳೆಗಳಷ್ಟೇ ಬರುತ್ತಿದ್ದವು. ಜಪಾನಿನ ಕಡಲಲ್ಲಿ ಬೇಸಿಗೆಗೆ ಅಲಗುಗಳು ಮಾಯವಾಗಿ ಚಳಿಗೆ ಮತ್ತೆ ಬಂಡೆಯ ಮೇಲೆ ಮೂಡುತ್ತಿದ್ದವು. ನಡುವಿನ ತಿಂಗಳುಗಳಲ್ಲಿ ಅವು ಎಲ್ಲಿರುತ್ತವೆ ಎಂದು ಹೇಳುವವರಿರಲಿಲ್ಲ. ಜಪಾನಿನ ಮೀನುಗಾರರು ಎಡೋ ಕಾಲದಿಂದಲೂ ಕಡಲ ತಗ್ಗಿನಲ್ಲಿ ಮರದ ರೆಂಬೆ, ಬಿದಿರು ನೆಟ್ಟು, ತಾನಾಗಿ ಬಂದು ಕೂತ ನೋರಿಯನ್ನು ಬೆಳೆಯುತ್ತಿದ್ದರು. ಬೀಜ ಎಲ್ಲಿಂದ ಬರುತ್ತದೆ ಎಂಬುದು ಅವರ ಕೈಯಲ್ಲಿರಲಿಲ್ಲ. ಬಂದ ವರ್ಷ ಹಣ, ಬಾರದ ವರ್ಷ ಸಾಲ. ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ಬೆಳೆ ಕೈಕೊಟ್ಟಾಗ ಈ ಅನಿಶ್ಚಯ ಹಳ್ಳಿಗಳ ಸಂಕಟವಾಯಿತು.

ಉತ್ತರ ಬಂದದ್ದು ಇಂಗ್ಲೆಂಡಿನಿಂದ. ಕ್ಯಾಥ್ಲೀನ್ ಡ್ರೂ-ಬೇಕರ್ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸಕಿಯಾಗಿದ್ದವರು. 1928ರಲ್ಲಿ ಮದುವೆಯಾದಾಗ, ವಿವಾಹಿತ ಮಹಿಳೆಯರನ್ನು ನೇಮಿಸಿಕೊಳ್ಳದ ಅಂದಿನ ನಿಯಮದಿಂದ ಆ ಹುದ್ದೆ ಹೋಯಿತು. ಗೌರವ ಸಂಶೋಧಕಿಯಾಗಿ ಕೆಲಸ ಮುಂದುವರಿಸಿದರು. ಪೊರ್ಫೈರಾ ಅಂಬಿಲಿಕಾಲಿಸ್‌ನ ಬೀಜಾಣುಗಳು ಕಡಲಚಿಪ್ಪಿನ ಮೇಲೆ ಬಿದ್ದಾಗ ಸೊರಗುವುದಿಲ್ಲ, ಚಿಪ್ಪಿನ ಸುಣ್ಣವನ್ನು ಕೊರೆದು ಒಳಗೆ ಕವಲೊಡೆದು ಹರಡುತ್ತವೆ, ಚಿಪ್ಪಿಗೆ ಗುಲಾಬಿ ಕಲೆ ಮೂಡುತ್ತದೆ ಎಂದು ಅವರು ಕಂಡರು. ಆ ಗುಲಾಬಿ ಕಲೆ ಪಾಚಿವಿಜ್ಞಾನಿಗಳಿಗೆ ಹೊಸದಾಗಿರಲಿಲ್ಲ. 1892ರಲ್ಲಿ ಬ್ಯಾಟರ್ಸ್ ಎಂಬ ಇಂಗ್ಲಿಷ್ ವಿಜ್ಞಾನಿ ಅದನ್ನು ಕಾಂಕೊಸೆಲಿಸ್ ರೋಸಿಯಾ ಎಂದು ಪ್ರತ್ಯೇಕ ಪಾಚಿಯಾಗಿ ಹೆಸರಿಸಿದ್ದರು. ಅದು ಪೊರ್ಫೈರಾದ ಇನ್ನೊಂದು ಹಂತ ಎಂದು ಡ್ರೂ-ಬೇಕರ್ ಅವರ ಪುಟ್ಟ ಲೇಖನ 1949ರ ಅಕ್ಟೋಬರಿನ 'ನೇಚರ್' ಪತ್ರಿಕೆಯಲ್ಲಿ ಸಾರಿತು.

ಈ ಸುದ್ದಿ ಕ್ಯೂಶೂ ವಿಶ್ವವಿದ್ಯಾಲಯದ ಸೊಕಿಚಿ ಸೆಗಾವ ಅವರ ಮೂಲಕ ಕುಮಾಮೊಟೊದ ಫುಸಾವೊ ಓಟ ಅವರಿಗೆ ತಲುಪಿತು. 1953ರ ಹೊತ್ತಿಗೆ ಓಟ ಚಿಪ್ಪುಗಳಲ್ಲಿ ಬೀಜ ಬೆಳೆಸಿ ಬಲೆಗೆ ಹಾಯಿಸುವ ವಿಧಾನವನ್ನು ರೂಪಿಸಿದರು. ಚಿಪ್ಪಿನೊಳಗಿನ ಎಳೆಯಿಂದ ಹೊರಡುವ ಬೀಜಾಣು ಮತ್ತೆ ಅಲಗಾಗುತ್ತದೆ ಎಂಬ ವೃತ್ತದ ಕೊನೆಯ ಕೊಂಡಿಯನ್ನು ಅದೇ ವರ್ಷಗಳಲ್ಲಿ ಜಪಾನಿನ ಕುರೋಗಿ, ಚೀನದ ಸಿ. ಕೆ. ತ್ಸೆಂಗ್ ಜೋಡಿಸಿದರು. ಇಂದು ಬೇಸಿಗೆಯಿಡೀ ತೊಟ್ಟಿಗಳಲ್ಲಿ ಸಿಂಪಿಚಿಪ್ಪುಗಳನ್ನು ಸಾಕಿ, ಶರತ್ಕಾಲದಲ್ಲಿ ಹಗಲು ಕುಗ್ಗಿ ನೀರು ತಂಪಾದಾಗ ಅವು ಉದುರಿಸುವ ಬೀಜಾಣುಗಳನ್ನು ಬಲೆಗೆ ಹಿಡಿದು ಕಡಲಿಗೆ ಕಟ್ಟುತ್ತಾರೆ. ಚೀನ, ಜಪಾನ್, ಕೊರಿಯಾಗಳಲ್ಲಿ ವರ್ಷಕ್ಕೆ 20 ಲಕ್ಷ ಟನ್ನಿಗೂ ಹೆಚ್ಚು ಹಸಿ ನೋರಿ ಈ ದಾರಿಯಲ್ಲಿ ಬೆಳೆಯುತ್ತದೆ. ಡ್ರೂ-ಬೇಕರ್ ಜಪಾನಿಗೆ ಒಮ್ಮೆಯೂ ಹೋಗಲಿಲ್ಲ, 1957ರಲ್ಲಿ ತೀರಿಕೊಂಡರು. 1963ರಲ್ಲಿ ನೋರಿ ಬೆಳೆಗಾರರು ಕುಮಾಮೊಟೊ ಪ್ರಾಂತ್ಯದ ಉಟೊದಲ್ಲಿ ಅವರಿಗೆ ಸ್ಮಾರಕ ಕಟ್ಟಿದರು. ಪ್ರತಿ ಏಪ್ರಿಲ್ 14ರಂದು ಅಲ್ಲಿ ಅವರನ್ನು ನೆನೆಯುತ್ತಾರೆ.

ಈಗ ಎರಡು ಹಂತಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಅಲಗು ಬಂಡೆಯ ಮೇಲೆ; ಎಳೆ ಚಿಪ್ಪಿನ ಒಳಗೆ. ಅಲಗಿನ ಕ್ಲೋರೋಪ್ಲಾಸ್ಟ್ ನಡುವಿನ ನಕ್ಷತ್ರ; ಎಳೆಯಲ್ಲಿ ಅದು ಭಿತ್ತಿಗೆ ಒತ್ತಿಕೊಂಡ ಪಟ್ಟಿ. ಅಲಗಿನ ಭಿತ್ತಿಯಲ್ಲಿ ಝೈಲಾನ್. ಎಳೆಯ ಭಿತ್ತಿಯಲ್ಲಿ ಸೆಲ್ಯುಲೋಸ್. ಎಳೆಯ ಕೋಶಗಳ ನಡುವೆ ಪ್ರೋಟೀನಿನ ಬಿರಡೆ ಬಿಗಿದ ರಂಧ್ರಗಳಿವೆ. ಅಲಗಿನಲ್ಲಿ ಅವು ಇಲ್ಲವೇ ಇಲ್ಲ. ಅಲಗಿನ ಕೋಶದಲ್ಲಿ ವರ್ಣತಂತುಗಳು ಒಂದು ಜೊತೆಯ ಅರ್ಧ, ಎಳೆಯ ಕೋಶದಲ್ಲಿ ಪೂರ್ಣ. ಜಪಾನಿನ ನೋರಿಯಾದ ಯೆಜೋಎನ್ಸಿಸ್ ಪ್ರಭೇದದಲ್ಲಿ ಆ ಲೆಕ್ಕ 3 ಮತ್ತು 6. ಬರಿಯ ರಚನೆಯನ್ನು ನೋಡಿದವರು ಇವೆರಡನ್ನೂ ಒಂದೇ ಜೀವಿ ಎಂದು ಹೇಗೆ ಹೇಳಿಯಾರು? ಬ್ಯಾಟರ್ಸ್ ಬೇರೆ ಹೆಸರಿಟ್ಟದ್ದು ಅಜಾಗರೂಕತೆಯಿಂದಲ್ಲ. ಅವರ ಕೈಯಲ್ಲಿದ್ದ ಪುರಾವೆ ಅದನ್ನೇ ಹೇಳುತ್ತಿತ್ತು. ಮಂದ ಬೆಳಕಿನ ಮಾತನ್ನು ಈಗ ನೆನೆಯಿರಿ. ಚಿಪ್ಪಿನೊಳಕ್ಕೆ ಇಳಿಯುವ ಅಷ್ಟಿಷ್ಟು ಬೆಳಕಲ್ಲಿ ಬೇಸಿಗೆ ಕಳೆಯಲು ಆ ಕೆಂಪು ವರ್ಣಕವೇ ಆಸರೆ.

ಜೊತೆಯಾದ ವರ್ಣತಂತುಗಳು ಮತ್ತೆ ಅರ್ಧವಾಗುವುದು ಎಲ್ಲಿ? ಈ ಪ್ರಶ್ನೆ ಇನ್ನೂ ಮೂರು ದಶಕ ಎಳೆಯಿತು. ಚಿಪ್ಪಿನಿಂದ ಹೊರಬೀಳುವ ಕಾಂಕೊಸ್ಪೋರ್ ಬಂಡೆಗೆ ಕೂತು ಮೊಳೆಯುವಾಗಿನ ಮೊದಲ ಎರಡು ವಿಭಜನೆಗಳಲ್ಲಿ ಈ ಅರ್ಧವಾಗುವಿಕೆ, ಅಂದರೆ ಮಿಯಾಸಿಸ್, ನಡೆಯುತ್ತದೆ ಎಂದು 1984ರಲ್ಲಿ ಮಾ ಮತ್ತು ಮಿಯುರ ತೋರಿಸಿದರು. ಪರಿಣಾಮ ಸೋಜಿಗದ್ದು. ಸಾಮಾನ್ಯವಾಗಿ ಮಿಯಾಸಿಸ್‌ನಿಂದ ಹುಟ್ಟುವ ನಾಲ್ಕು ಕೋಶಗಳು ನಾಲ್ಕು ದಾರಿ ಹಿಡಿಯುತ್ತವೆ. ಇಲ್ಲಿ ನಾಲ್ಕೂ ಒಂದರ ಮೇಲೊಂದು ಕೂತು ಒಂದೇ ಅಲಗನ್ನು ಕಟ್ಟುತ್ತವೆ. ವಂಶವಾಹಿಯ ದೃಷ್ಟಿಯಿಂದ ಒಂದು ಅಲಗು ನಾಲ್ವರು ಒಡಹುಟ್ಟಿದವರ ಕೂಡುಕುಟುಂಬ. ಪೊರ್ಫೈರಾ ಪರ್ಪ್ಯೂರಿಯಾದ ಅಲಗು ಉದ್ದಕ್ಕೆ ಸೀಳಿದಂತೆ ಅರ್ಧ ಗಂಡು, ಅರ್ಧ ಹೆಣ್ಣಾಗಿ ಕಾಣುವುದು ಇದರಿಂದಲೇ. 1994ರಲ್ಲಿ ಮಿಟ್ಮನ್ ಮತ್ತು ವಾನ್ ಡೆರ್ ಮೀರ್ ಬಣ್ಣದ ರೂಪಾಂತರಿಗಳನ್ನು ಬಳಸಿ ಇದನ್ನು ಖಚಿತಪಡಿಸಿದರು.

ನಮ್ಮ ಪದವಿ ತರಗತಿಗಳಲ್ಲಿ ಕೆಂಪು ಪಾಚಿಯ ಮಾದರಿಯಾಗಿ ಕಲಿಸುವುದು ಪಾಲಿಸೈಫೋನಿಯಾವನ್ನು. ಅದರ ಜೀವನಚಕ್ರವನ್ನು ಯಮನೌಚಿ 1906ರಲ್ಲೇ ವರ್ಣತಂತು ಎಣಿಸಿ ನಿರ್ಧರಿಸಿದ್ದರು. ಅಲ್ಲಿ ಮೂರು ಹಂತಗಳು, ಅವುಗಳಲ್ಲಿ ಎರಡು ನೋಡಲು ಒಂದೇ ತೆರ. ಅದನ್ನು ಕಲಿತ ವಿದ್ಯಾರ್ಥಿಗೆ ಹಂತ ಬದಲಾದರೂ ರೂಪ ಬದಲಾಗದು ಎಂಬ ಭಾವನೆ ಉಳಿದುಬಿಡುತ್ತದೆ. ಪಠ್ಯದಲ್ಲಿ ಪೊರ್ಫೈರಾವನ್ನು ಅದರ ಪಕ್ಕದಲ್ಲಿ ಇಟ್ಟು ಕಲಿಸಿದರೆ ಆ ಭಾವನೆ ತಾನಾಗಿ ಕಳಚುತ್ತದೆ.

ವರ್ಗೀಕರಣ

ಲಿನೇಯಸ್ 1753ರಲ್ಲಿ ಈ ಅಲಗನ್ನು ಕಂಡು ಉಲ್ವಾ ಅಂಬಿಲಿಕಾಲಿಸ್ ಎಂದರು. ಉಲ್ವಾ ಹಸಿರು ಪಾಚಿ. ತೆಳ್ಳಗೆ ಹರಡಿಕೊಂಡದ್ದೆಲ್ಲ ಅವರಿಗೆ ಉಲ್ವಾ. ಸ್ವೀಡನ್ನಿನ ಸಿ. ಎ. ಅಗಾರ್ಡ್ 1824ರಲ್ಲಿ ಪೊರ್ಫೈರಾ ಕುಲವನ್ನು ಬೇರ್ಪಡಿಸಿದರು. 1836ರಲ್ಲಿ ಐರ್ಲೆಂಡಿನ ಹಾರ್ವಿ ಪಾಚಿಗಳನ್ನು ಬಣ್ಣದ ಆಧಾರದ ಮೇಲೆ ಕೆಂಪು, ಕಂದು, ಹಸಿರು ಎಂದು ವಿಂಗಡಿಸಿದರು. ಬಣ್ಣ ಎಂಬುದು ಕಣ್ಣಿಗೆ ಕಾಣುವ ಲಕ್ಷಣವಾದರೂ ಅದರ ಹಿಂದೆ ವರ್ಣಕಗಳ ರಸಾಯನವಿದೆ. ಹಾಗಾಗಿ ಆ ವಿಂಗಡಣೆ ಬಹುಮಟ್ಟಿಗೆ ಉಳಿದುಕೊಂಡಿತು.

ಕುಲದ ಒಳಗಿನ ಕತೆ ಬೇರೆ. ಅಲಗಿನಲ್ಲಿ ಲಕ್ಷಣಗಳೇ ಕಡಿಮೆ. ಇದ್ದವನ್ನೆಲ್ಲ ವಿಜ್ಞಾನಿಗಳು ಹಿಂಡಿದರು. ಒಂದು ಪದರವೇ, ಎರಡೇ? ಕೋಶಕ್ಕೆ ಒಂದು ಕ್ಲೋರೋಪ್ಲಾಸ್ಟೇ, ಎರಡೇ? ಈ ಎರಡು ಪ್ರಶ್ನೆಗಳಿಂದ ಪೊರ್ಫೈರಾ, ಡಿಪ್ಲಾಸ್ಟಿಡಿಯಾ, ಡಿಪ್ಲೋಡರ್ಮಾ ಎಂಬ ಮೂರು ಉಪಕುಲಗಳಾದವು. 1902ರಲ್ಲಿ ಹಸ್ ಎಂಬವರು ಗಂಡು ಪೊಟ್ಟಣ, ಬೀಜಾಣು ಪೊಟ್ಟಣಗಳೊಳಗಿನ ವಿಭಜನೆಗಳನ್ನು ಸೂತ್ರವಾಗಿ ಬರೆದರು. ಉದ್ದಕ್ಕೆ 4, ಅಗಲಕ್ಕೆ 4, ದಪ್ಪಕ್ಕೆ 8 ಎಂದರೆ ಒಟ್ಟು 128 ಗಂಡು ಲಿಂಗಾಣುಗಳು. ಪ್ರಭೇದ ಗುರುತಿಸುವವರು ಸೂಕ್ಷ್ಮದರ್ಶಕದಡಿ ಇದನ್ನು ಎಣಿಸುತ್ತ ಇಪ್ಪತ್ತನೆಯ ಶತಮಾನವನ್ನು ದಾಟಿದರು. ಎಣಿಕೆಯಲ್ಲಿ ತಪ್ಪಿರಲಿಲ್ಲ, ಆದರೆ ಅದರಿಂದ ವಂಶ ತಿಳಿಯುತ್ತಿರಲಿಲ್ಲ.

2011ರಲ್ಲಿ ಜೂಡಿತ್ ಸದರ್ಲೆಂಡ್ ಮತ್ತು ಹಲವು ದೇಶಗಳ ಸಹಲೇಖಕರು ಪೊರ್ಫೈರಾ ಸೇರಿರುವ ಬ್ಯಾಂಜಿಯಾಲಿಸ್ ಗಣದ 157 ಮಾದರಿಗಳಲ್ಲಿ ಎರಡು ಜೀನ್‌ಗಳನ್ನು, ಕ್ಲೋರೋಪ್ಲಾಸ್ಟಿನದೊಂದು, ಕೋಶಕೇಂದ್ರದ್ದೊಂದು, ಹೋಲಿಸಿದರು. ಪೊರ್ಫೈರಾ ಎಂದು ಕರೆಯುತ್ತಿದ್ದ ಅಲಗುಗಳು ಒಂದೇ ಕೊಂಬೆಯವಲ್ಲ ಎಂದು ಗೊತ್ತಾಯಿತು. ನೂಲಿನಂಥ ಬ್ಯಾಂಜಿಯಾ ಪಾಚಿಗಳು ಈ ಅಲಗುಗಳ ನಡುನಡುವೆ ಕವಲೊಡೆದಿದ್ದವು. ಅಲಗೋ ನೂಲೋ ಎಂಬ ರೂಪಭೇದ ವಂಶವೃಕ್ಷವನ್ನು ಹಿಂಬಾಲಿಸುತ್ತಿರಲಿಲ್ಲ. ಫಲವಾಗಿ ಗಣದಲ್ಲಿ ಹದಿನೈದು ಕುಲಗಳು: ಏಳು ನೂಲಿನವು, ಎಂಟು ಅಲಗಿನವು. ಪೈರೋಪಿಯಾ, ವಿಲ್ಡಿಮೇನಿಯಾ, ಬೋರಿಯೋಫಿಲಮ್ ಮುಂತಾದ ಹೆಸರುಗಳು ಬಂದವು ಅಥವಾ ಮರಳಿದವು. ನೋರಿಯ ಮುಖ್ಯ ಪ್ರಭೇದಗಳು ಪೈರೋಪಿಯಾಕ್ಕೆ ಸೇರಿದವು. 2020ರಲ್ಲಿ ಪೈರೋಪಿಯಾ ಮತ್ತೆ ಒಡೆಯಿತು. ನೋರಿ ನಿಯೋಪೈರೋಪಿಯಾ ಆಯಿತು. ನಮ್ಮ ಕರಾವಳಿಯ ವಿಯೆಟ್ನಾಮೆನ್ಸಿಸ್, ಬಿಸಿ ಕಡಲುಗಳ ಇತರ ಕೆಲವು ಪ್ರಭೇದಗಳೊಂದಿಗೆ, ಫೈಕೋಕ್ಯಾಲಿಡಿಯಾ ಕುಲಕ್ಕೆ ಹೋಯಿತು. 2022ರಲ್ಲಿ ಜುಕರೆಲ್ಲೊ ಮತ್ತು ಸಂಗಡಿಗರು ಇದಕ್ಕೆ ಆಕ್ಷೇಪ ಎತ್ತಿದರು. ಅತಿಯಾಗಿ ಒಡೆಯುವುದರಿಂದ ಪ್ರಯೋಜನವಿಲ್ಲ, ಇವೆಲ್ಲ ಪೈರೋಪಿಯಾಕ್ಕೇ ಮರಳಲಿ ಎಂಬುದು ಅವರ ವಾದ.

ಇದನ್ನು ಕೇಳಿ ವಿದ್ಯಾರ್ಥಿಗಳು ಬೇಸರಪಡಬಹುದು: ಹೆಸರು ಕಲಿಯುವಷ್ಟರಲ್ಲಿ ಬದಲಾಗುತ್ತದಲ್ಲ? ಇಲ್ಲಿ ಎರಡು ಬಗೆಯ ಪ್ರಶ್ನೆಗಳು ಬೆರೆತಿವೆ. ಯಾವ ಕೊಂಬೆ ಯಾವುದಕ್ಕೆ ಹತ್ತಿರ ಎಂಬುದು ನಿಸರ್ಗದ ಸಂಗತಿ. ಪುರಾವೆ ಹೆಚ್ಚಿದಂತೆ ಅದು ಗಟ್ಟಿಯಾಗುತ್ತದೆ, ಅದರ ಬಗ್ಗೆ ಎರಡೂ ಪಕ್ಷಗಳಿಗೆ ಬಹುಮಟ್ಟಿಗೆ ಒಮ್ಮತವಿದೆ. ಆ ಮರದಲ್ಲಿ ಎಷ್ಟು ಎತ್ತರದ ಕೊಂಬೆಗೆ ಕುಲ ಎಂಬ ಫಲಕ ತೂಗುಹಾಕಬೇಕು ಎಂಬುದು ನಮ್ಮ ಅನುಕೂಲದ ತೀರ್ಮಾನ. ನಾನು ಒಡೆಯುವ ಪಕ್ಷಕ್ಕಿಂತ ಕೂಡಿಸುವ ಪಕ್ಷದ ಕಡೆಗೆ ವಾಲುತ್ತೇನೆ. ಬಂಡೆಯ ಮುಂದೆ ನಿಂತ ವಿದ್ಯಾರ್ಥಿಗೆ ಗುರುತಿಸಲು ಒಂದೂ ಲಕ್ಷಣ ಕೊಡದ ಕುಲ, ವಂಶವೃಕ್ಷದಲ್ಲಿ ಎಷ್ಟೇ ಶುದ್ಧವಾಗಿದ್ದರೂ, ಕಾಗದದ ಮೇಲಿನ ಕುಲವಾಗಿಯೇ ಉಳಿಯುತ್ತದೆ.

ಪ್ರಾಚೀನತೆ

ಈ ಗಣದ ಸರಳ ರೂಪ ಕಂಡು ಹಿಂದಿನವರು ಇದನ್ನು ಕೆಂಪು ಪಾಚಿಗಳ ಆದಿಮ ಹಂತ ಎಂದಿದ್ದರು. ವಯಸ್ಸಿನ ಮಟ್ಟಿಗೆ ಮಾತು ನಿಜ. ಕೆನಡಾದ ಉತ್ತರ ಧ್ರುವಪ್ರದೇಶದ ಸಾಮರ್ಸೆಟ್ ದ್ವೀಪದಲ್ಲಿ ಸಿಕ್ಕ ಬ್ಯಾಂಜಿಯೊಮಾರ್ಫಾ ಪಳೆಯುಳಿಕೆ ಇಂದಿನ ಬ್ಯಾಂಜಿಯಾವನ್ನು ಹೋಲುತ್ತದೆ. ಅದರ ಈಗಿನ ಕಾಲನಿರ್ಣಯ ಸುಮಾರು 105 ಕೋಟಿ ವರ್ಷ. ನಮ್ಮ ದೇಶದ ಚಿತ್ರಕೂಟದ ವಿಂಧ್ಯ ಶಿಲೆಗಳಿಂದ 2017ರಲ್ಲಿ ವರದಿಯಾದ ರಫತಾಜ್ಮಿಯಾ ಚಿತ್ರಕೂಟೆನ್ಸಿಸ್ ಇನ್ನೂ ಹಳೆಯದು, 160 ಕೋಟಿ ವರ್ಷ. ಭೂವಿಜ್ಞಾನಿ ರಫತ್ ಜಮಾಲ್ ಅಜ್ಮಿ ಅವರ ಹೆಸರು ಅದಕ್ಕಿದೆ. ಅದನ್ನು ಕೆಂಪು ಪಾಚಿ ಎಂದು ಓದಿದ್ದನ್ನು ಎಲ್ಲರೂ ಒಪ್ಪಿಲ್ಲ. ಒಪ್ಪಿದರೆ ಬಹುಕೋಶ ಸಸ್ಯಜೀವನದ ಇತಿಹಾಸ ತುಂಬ ಹಿಂದಕ್ಕೆ ಸರಿಯುತ್ತದೆ.

2017ರಲ್ಲೇ ಪೊರ್ಫೈರಾ ಅಂಬಿಲಿಕಾಲಿಸ್‌ನ ಜೀನೋಮ್ ಪ್ರಕಟವಾಯಿತು: 8.77 ಕೋಟಿ ಕ್ಷಾರಜೋಡಿ, 13,125 ಜೀನ್‌ಗಳು. ಕೋಶದೊಳಗೆ ಸಾಮಾನು ಸಾಗಿಸುವ ಮೋಟಾರ್ ಪ್ರೋಟೀನುಗಳಲ್ಲಿ ಹಲವು ಇಲ್ಲಿ ಕಾಣೆ. ಕೆಂಪು ಪಾಚಿಗಳ ಅಂಗಗಳು ಭೂಸಸ್ಯಗಳಷ್ಟು ಜಟಿಲವಾಗಿ ಏಕೆ ಬೆಳೆಯಲಿಲ್ಲ ಎಂಬುದಕ್ಕೆ ಇದೊಂದು ಕಾರಣವಿರಬಹುದು ಎಂದು ಲೇಖಕರು ಸೂಚಿಸಿದರು. ಅಲಗಿನ ಸರಳತೆ ಬಾಲ್ಯದ್ದಲ್ಲ. ಕಳೆದುಕೊಂಡದ್ದನ್ನು ಮರಳಿ ಪಡೆಯದೆಯೂ ನೂರು ಕೋಟಿ ವರ್ಷ ಗೆದ್ದುಬಂದ ವಂಶದ್ದು.

ನಮ್ಮ ಕರಾವಳಿಗೆ

ಕಡೆಯ ಮಾತು ವಿದ್ಯಾರ್ಥಿಗಳಿಗೆ. ಭಾರತದಲ್ಲಿ ಪಾಚಿವಿಜ್ಞಾನಕ್ಕೆ ಅಡಿಪಾಯ ಹಾಕಿದ ಎಂ. ಒ. ಪಿ. ಅಯ್ಯಂಗಾರ್ ಅವರ ಕಾಲದಿಂದಲೂ ನಮ್ಮ ಸಂಗ್ರಹಾಲಯಗಳಲ್ಲಿ ಒತ್ತಿ ಒಣಗಿಸಿದ ಕಡಲಪಾಚಿಗಳ ಹಾಳೆಗಳು ಬೆಳೆಯುತ್ತ ಬಂದಿವೆ. ಕಾರವಾರದಿಂದ ಉಳ್ಳಾಲದವರೆಗಿನ ಬಂಡೆಗಳಲ್ಲಿ ನೀವು ಪೊರ್ಫೈರಾ ಸಂಗ್ರಹಿಸಿದರೆ, ಹಾಳೆಗೆ ಅಂಟಿಸಿ ಹೆಸರು ಬರೆದು ಮುಗಿಸಬೇಡಿ. ಹೆಸರು ನಾಳೆ ಬದಲಾದೀತು, ಉಳಿಯಬೇಕಾದದ್ದು ಬೇರೆ. ಬಂಡೆಯ ಯಾವ ಮಟ್ಟದಲ್ಲಿ ಸಿಕ್ಕಿತು, ಯಾವ ದಿನ, ಅಂಚಿನಲ್ಲಿ ಬಿಳಿ ಪಟ್ಟಿ ಇತ್ತೇ, ಗಂಡೇ ಹೆಣ್ಣೇ ಎರಡೂ ಹೌದೇ ಎಂದು ಬರೆಯಿರಿ. ಅಲಗಿನ ಒಂದು ತುಣುಕನ್ನು ಸಿಲಿಕಾ ಜೆಲ್‌ನಲ್ಲಿ ಒಣಗಿಸಿಡಿ. ಜೀನ್ ಓದುವವರಿಗೆ ಅದು ಬೇಕು. ಬಿರುಮಳೆಯ ಕಡಲಿನಲ್ಲಿ ಒಬ್ಬರೇ ಬಂಡೆಗೆ ಇಳಿಯಬೇಡಿ.

ಇನ್ನೊಂದು ಕೆಲಸ. ಅಕ್ಟೋಬರಿನಿಂದ ಮೇ ತನಕ ಅಲಗುಗಳು ಬಂಡೆಯಿಂದ ಮರೆಯಾದಾಗ ಸಂಗ್ರಹ ನಿಲ್ಲಿಸುವುದು ನಮ್ಮ ರೂಢಿ. ಆಗ ಹುಡುಕಬೇಕಾದದ್ದು ಚಿಪ್ಪುಗಳನ್ನು. ಮರುವಾಯಿ, ಪಚ್ಚಿಲೆ, ಸಿಂಪಿಯ ಹಳೆಯ ಚಿಪ್ಪುಗಳಲ್ಲಿ ಗುಲಾಬಿ ಕಲೆ ಕಂಡರೆ ದುರ್ಬಲ ಆಮ್ಲದಲ್ಲಿ ಸುಣ್ಣ ಕರಗಿಸಿ ಸೂಕ್ಷ್ಮದರ್ಶಕದಡಿ ಎಳೆ ನೋಡಿ. ಒಂದು ಎಳೆಯ ಜೀನ್ ಮಳೆಗಾಲದ ಅಲಗಿನ ಜೀನ್ ಜೊತೆ ಹೊಂದಿದರೆ, ನಮ್ಮ ಕರಾವಳಿಯ ಈ ಪಾಚಿಯ ವರ್ಷವಿಡೀ ಬದುಕು ಒಂದೇ ದಾಖಲೆಯಲ್ಲಿ ಸೇರುತ್ತದೆ. ಇದಕ್ಕೆ ದೊಡ್ಡ ಅನುದಾನ ಬೇಡ. ಒಂದು ಕಾಲೇಜಿನ ಸಸ್ಯಶಾಸ್ತ್ರ ವಿಭಾಗ, ಜೀನ್ ಓದಿಕೊಡುವ ಒಂದು ಪ್ರಯೋಗಾಲಯದ ನೆರವು, ವರ್ಷದ ಹನ್ನೆರಡೂ ತಿಂಗಳು ಅದೇ ದಂಡೆಗೆ ಹೋಗುವ ಶಿಸ್ತು, ಇವಿಷ್ಟಿದ್ದರೆ ಸಾಕು. ಈ ದತ್ತಿಯ ಮುಂದಿನ ಉಪನ್ಯಾಸಗಳಲ್ಲೊಂದನ್ನು ಅಂಥ ಕೆಲಸ ಮಾಡಿದ ವಿದ್ಯಾರ್ಥಿಯೊಬ್ಬರು ನೀಡಲಿ ಎಂದು ಹಾರೈಸುತ್ತೇನೆ.